ಅಳತೆಯ ಹೃದಯ

ಫಕೀರವ್ವನ ಹೃದಯ ಬದಲಾಗುವಂತಿರಲಿಲ್ಲ. ಅದಕ್ಕೊಂದು ಸುತ್ತೋಲೆಯೇ ಇತ್ತು.

ಹನ್ನೆರಡು ವರ್ಷದ ಹಿಂದೆ, ಜಿಲ್ಲೆಯ ನಲವತ್ತು ಸಾವಿರ ಜನರ ಎದೆಗೆ ಬಿಲ್ಲೆ ಅಂಟಿಸಿದ ವರ್ಷ ಹೊರಟ ಸುತ್ತೋಲೆ ಅದು. ಬಿಲ್ಲೆಯೆಂದರೆ ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು, ಎಡ ಎದೆಯ ಕೆಳಗೆ ಅಂಟಿಕೊಂಡು ಹೃದಯದ ಸದ್ದನ್ನು ಹಗಲೂ ರಾತ್ರಿ ಕೇಳುತ್ತಿರುತ್ತದೆ. ಕೇಳಿದ್ದನ್ನು ಮೆಡಿಕಲ್ ಕಾಲೇಜಿನ ಹಿಂದಿನ ಹೃದಯ ಕೇಂದ್ರಕ್ಕೆ ಕಳಿಸುತ್ತದೆ. ಎಲ್ಲ ಸರಿಯಿದ್ದರೆ ಹಸಿರು ಚುಕ್ಕೆ, ಅನುಮಾನವಿದ್ದರೆ ಹಳದಿ. ಕೆಂಪಾದರೆ ಮನೆ ಬಾಗಿಲಿಗೆ ಆಂಬುಲೆನ್ಸ್. ಜನ ಅದನ್ನು ನಂಬಿದರು. ಡಾಕ್ಟರರು ಇನ್ನೂ ಹೆಚ್ಚು ನಂಬಿದರು. ಎರಡು ಮೂರು ವರ್ಷದಲ್ಲಿ ರೋಗಿಯ ಎದೆ ಮುಟ್ಟಿ ನೋಡುವುದೆಂದರೆ ಕೈಗಡಿಯಾರ ಕಟ್ಟಿಕೊಂಡು ಸೂರ್ಯನ ನೆರಳು ಅಳೆದ ಹಾಗೆ ಆಗಿಹೋಯಿತು.

ಒಂದೇ ತೊಂದರೆಯೆಂದರೆ, ಬಿಲ್ಲೆಯ ಕಿವಿ ಸೆಕೆಗೆ, ಬೆವರಿಗೆ, ಧೂಳಿಗೆ ಮಂದವಾಗುತ್ತಿತ್ತು. ಅದನ್ನು ತಿದ್ದಲು ಒಂದು ಅಳತೆ ಬೇಕು, ತಕ್ಕಡಿಗೆ ಕಲ್ಲು ಬೇಕಾದ ಹಾಗೆ. ಆರೋಗ್ಯವಂತ ಹೃದಯ ಎರಡೇ ಸದ್ದು ಮಾಡುತ್ತದೆ, ಅದು ಸಾಲದು. ಹತ್ತಾರು ಡಾಕ್ಟರರು ಕೇಳಿ ಪರೀಕ್ಷಿಸಿದ, ಎಲ್ಲ ಬಗೆಯ ಸದ್ದೂ ಇರುವ ಒಂದು ಹೃದಯ ಬೇಕಿತ್ತು. ಅಂಥದ್ದು ಕಾಲೇಜಿನಲ್ಲೇ ಇತ್ತು. ಚಿಕ್ಕಂದಿನ ಕೀಲುಜ್ವರದಿಂದ ಕವಾಟ ಕಿರಿದಾದ ಫಕೀರವ್ವ ವರ್ಷವರ್ಷವೂ ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಪರೀಕ್ಷೆಗೆ 'ಕೇಸು' ಆಗಿ ಬಂದು ಮಲಗುತ್ತಿದ್ದಳು, ಒಂದು ಸಲವೂ ತಪ್ಪಿಸಿದವಳಲ್ಲ. ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಕೇಂದ್ರದ ಮಂಚದ ಮೇಲೆ ಐದು ನಿಮಿಷ ಮಲಗುವುದು. ಯಂತ್ರ ಅವಳ ಎದೆಯನ್ನು ಕೇಳಿ, ಅದು ಮೊದಲ ದಿನದ ಹಾಗೆಯೇ ಕೇಳಿಸುವಂತೆ ಜಿಲ್ಲೆಯ ಎಲ್ಲ ಬಿಲ್ಲೆಗಳ ಕಿವಿಯನ್ನು ತಿದ್ದುವುದು. ಈ ಕಲ್ಲು ಮೆಟ್ಟಿಲು ಹತ್ತುತ್ತದೆ, ರೊಟ್ಟಿ ತಟ್ಟುತ್ತದೆ, ವಯಸ್ಸಾಗುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಹೊಳೆಯದೇ ಇರಲೆಂಬಂತೆ ಇನ್ನೊಂದು ಏರ್ಪಾಡೂ ಆಗಿತ್ತು. ವರ್ಷಕ್ಕೊಮ್ಮೆ ಮನುಷ್ಯರೊಬ್ಬರು ಅಳತೆಯ ಹೃದಯವನ್ನು ಕೈಯಿಂದ ಪರೀಕ್ಷಿಸಿ ಬರೆದುಕೊಡಬೇಕೆಂದು ನಿಯಮ. ಕಾಲೇಜಿನವರು ಅದಕ್ಕೆ ಬೇರೆ ಪಾಡು ಪಡಲಿಲ್ಲ. ಕೊನೇ ವರ್ಷದ ಪರೀಕ್ಷೆಯಲ್ಲಿ ಫಕೀರವ್ವ ಹೇಗೂ ಇರುತ್ತಾಳಲ್ಲ, ಅವಳು ಯಾರ ಪಾಲಿಗೆ ಬರುತ್ತಾಳೋ ಅವರ ಉತ್ತರಪತ್ರಿಕೆಯನ್ನೇ ಕಳಿಸಿದರಾಯಿತು. ಮೊದಲ ವರ್ಷ ಒಳ್ಳೆಯ ಹುಡುಗನೊಬ್ಬ ಏಳು ವಾಕ್ಯದ ಉತ್ತರ ಬರೆದ. ಮುಂದಿನವರು ಅದನ್ನು ಬಾಯಿಪಾಠ ಮಾಡಿದರು. ಅದರ ಮುಂದಿನವರು ಅವರಿಂದ ಕಲಿತರು.

ಈ ವರ್ಷ ಪರೀಕ್ಷೆಗೆ ಬಂದ ವಿನುತಾ ಕಡೇಮನಿಗೂ ಆ ಏಳು ವಾಕ್ಯ ಬಾಯಿಗೆ ಬರುತ್ತಿತ್ತು. ಪರದೆ ಸರಿಸಿ ಒಳಗೆ ಬಂದಾಗ ಫಕೀರವ್ವ ಎರಡು ದಿಂಬಿಗೆ ಒರಗಿ ಕೂತಿದ್ದಳು. ಅವಳ ಕೆನ್ನೆಗಳಲ್ಲಿ ನೇರಳೆ ಬಣ್ಣದ ಛಾಯೆಯಿತ್ತು.

"ಬಾಯಿಪಾಠ ಆಗೇತಿಲ್ಲವ್ವಾ?"

"ಆಗೇತ್ರಿ."

"ಹಂಗಾದ್ರ ಸುಮ್ನ ಕುಂದ್ರು. ವರ್ಷಾ ವರ್ಷಾ ಹುಡುಗ್ರ ಕೂಡ ಹರಟಿ ಹೊಡೀತಿದ್ದೆ, ಇವತ್ತ ಜೀವಿಲ್ಲ. ಗಂಟಿ ಹೊಡಿಯೂತನಾ ಕಣ್ಣ ಮುಚ್ಚತೀನಿ."

ಇಪ್ಪತ್ತು ನಿಮಿಷದ ಪರೀಕ್ಷೆ. ವಿನುತಾ ಮೂರು ನಿಮಿಷದಲ್ಲಿ ಉತ್ತರ ಬರೆದು ಮುಗಿಸಿದಳು. ಉಳಿದ ಹೊತ್ತು ಏನು ಮಾಡುವುದೆಂದು ತಿಳಿಯಲಿಲ್ಲ. ಫಕೀರವ್ವ ಮಾತಾಡುವ ಲಹರಿಯಲ್ಲಿದ್ದಿದ್ದರೆ ವಿನುತಾ ಅವಳನ್ನು ಮುಟ್ಟುತ್ತಲೇ ಇರಲಿಲ್ಲ. ಸುಮ್ಮನೆ ಕೂತ ಕೈಗೆ ಕೆಲಸವಿರಲೆಂದು, ಹಳೆಯ ಪಠ್ಯಪುಸ್ತಕದಲ್ಲಿ ಹೇಳಿದ ಕ್ರಮದಲ್ಲಿ, ಮೂರು ಬೆರಳನ್ನು ಆ ಮಣಿಕಟ್ಟಿನ ಮೇಲಿಟ್ಟಳು.

"ಎಂಬತ್ತೆರಡು. ತಾಳ ತಪ್ಪಿಲ್ಲ. ಬರಕೋ," ಎಂದಳು ಫಕೀರವ್ವ ಕಣ್ಣು ಮುಚ್ಚಿಯೇ. ಏಳು ವಾಕ್ಯ ಅವಳಿಗೂ ಬಾಯಿಪಾಠವಾಗಿತ್ತು.

ನಾಡಿ ಎರಡು ಹೆಜ್ಜೆಯಿಟ್ಟು ನಿಂತಿತು. ಮೂರು ಸಲ ಓಡಿತು. ಮತ್ತೆ ಎಷ್ಟೋ ಹೊತ್ತು ಏನೂ ಇಲ್ಲ. ವಿನುತಾ ತನ್ನ ಬೆರಳುಗಳೇ ಸರಿಯಿಲ್ಲ ಎಂದುಕೊಂಡಳು. ಇದುವರೆಗೆ ಅವು ಹಿಡಿದದ್ದು ರಬ್ಬರಿನ ತೋಳು, ಒಂದೆರಡು ಸಲ ತಮಾಷೆಗೆ ಗೆಳತಿಯರ ಕೈ. ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ಎಣಿಸಿದಳು: ಎಂಬತ್ತನಾಲ್ಕು. ಸ್ಟೆತಸ್ಕೋಪನ್ನು ಎದೆಗಿಟ್ಟು ಇನ್ನೊಂದು ನಿಮಿಷ ಎಣಿಸಿದಳು: ನೂರಹನ್ನೆರಡು. ಇಪ್ಪತ್ತೆಂಟು ಬಡಿತ ಎದೆಯಿಂದ ಹೊರಟು ಕೈಗೆ ಮುಟ್ಟಿರಲಿಲ್ಲ.

ಆಮೇಲೆ ನಿಲ್ಲಿಸುವುದಾಗಲಿಲ್ಲ. ಕುತ್ತಿಗೆಯ ನಾಳ ಉಬ್ಬಿ ಕಿವಿಯ ಬುಡದವರೆಗೆ ತುಯ್ಯುತ್ತಿತ್ತು. ಅಂಗೈಯನ್ನು ಎದೆಮೂಳೆಯ ಪಕ್ಕ ಇಟ್ಟರೆ ಒಳಗಿನಿಂದ ಯಾರೋ ಹೆಗಲುಕೊಟ್ಟು ಎತ್ತುತ್ತಿದ್ದಂತಿತ್ತು. ಎಡ ಮಗ್ಗುಲಿಗೆ ಹೊರಳಿಸಿ ಕೇಳಿದಾಗ, ಪುಸ್ತಕದಲ್ಲಿ ದೂರದ ಗುಡುಗಿನಂತೆ ಎಂದು ಬರೆದಿದ್ದ ಸದ್ದು ಈಗ ನೆಲದಡಿಯಿಂದ ಬಂದ ಹಾಗೆ ಕ್ಷೀಣವಾಗಿತ್ತು. ಸದ್ದು ಕಡಿಮೆಯಾದರೆ ರೋಗ ಕಡಿಮೆಯಾಯಿತೆಂದಲ್ಲ, ದಾಟುವ ರಕ್ತವೇ ಕಡಿಮೆಯಾಯಿತೆಂದು ಅರ್ಥ. ಕಡೆಗೆ ಹೆಬ್ಬೆರಳಿನಿಂದ ಕಾಲಿನ ಮುಂಭಾಗ ಒತ್ತಿದಳು. ಬೆರಳು ತೆಗೆದರೂ ಹಿಟ್ಟಿನಲ್ಲಿ ಉಳಿದ ಹಾಗೆ ಗುಳಿ ಉಳಿಯಿತು.

ಫಕೀರವ್ವ ಕಣ್ಣು ಬಿಟ್ಟಳು. "ಯಾಕಬೇ, ಹೆಣಾ ನೋಡಿದಂಗ ನೋಡಾಕತ್ತಿ?"

"ಅವ್ವಾರ, ನಿಮ್ಮ ಎದಿ ತಾಳ ತಪ್ಪೇತ್ರಿ. ಕಾಲಾಗ ನೀರ ತುಂಬೇತಿ."

ಫಕೀರವ್ವ ನಕ್ಕಳು, ನಗುತ್ತ ಕೆಮ್ಮಿದಳು. ಸೆರಗು ಸರಿಸಿ ಬಿಲ್ಲೆ ತೋರಿಸಿದಳು. "ಹಸರ ಐತಿ ನೋಡಿಲ್ಲೆ. ಇದಕಿಂತ ನಿನ್ನ ಕಿವಿ ಶಾಣ್ಯಾ ಅದಾವನು? ಇದಕ್ಕ ಕಿವಿ ಕೊಟ್ಟಾಕಿನ ನಾನು."

"ಉಸರ ಹತ್ತೂದಿಲ್ಲನ್ರಿ?"

"ಹತ್ತತೈತಿ. ಐವತ್ತಾರ ವರ್ಷಾತು. ಏರಿನ್ಯಾಗ ನಮ್ಮೂರ ಬಸ್ಸಿಗೂ ಹತ್ತತೈತಿ, ಅದನ್ನ ದವಾಖಾನಿಗಿ ಒಯ್ತಾರೇನು?" ಅವಳು ದನಿ ತಗ್ಗಿಸಿದಳು. "ತಂಗಿ, ಎಲ್ಲಾರೂ ಬರದದ್ದ ಬರಿ. ಆರನೇ ವರ್ಷ ಒಬ್ಬಾಂವ ತಂದೇನೋ ಬರದ. ಫೇಲ ಮಾಡಿದ್ರು. ಹೊರಗ ಕಟ್ಟಿ ಮ್ಯಾಲ ಕುಂತ ಅಳೂದ ನೋಡೀನಿ."

ಗಂಟೆ ಹೊಡೆಯಿತು. ಪರೀಕ್ಷಕರು ಡಾ. ಹೆಬ್ಬಳ್ಳಿ, ಹೃದಯ ಕೇಂದ್ರದ ಮುಖ್ಯಸ್ಥರೂ ಅವರೇ. ಪರದೆಯ ಆಚೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ವಿನುತಾ ಏಳು ವಾಕ್ಯ ಹೇಳಿದಳು. ಅವರ ತುಟಿಯೂ ಜೊತೆಗೇ ಅಲ್ಲಾಡುತ್ತಿತ್ತು.

"ಹೃದಯ ಸೋತ ಲಕ್ಷಣ ಏನರೆ?"

ಅವಳ ಹೆಬ್ಬೆರಳಿಗೆ ಆ ಗುಳಿಯ ನೆನಪು ಇನ್ನೂ ಇತ್ತು.

"ಇಲ್ರಿ ಸರ್," ಎಂದಳು.

"ಗುಡ್," ಎಂದು ಅವರು ಸಹಿ ಮಾಡಿದರು. ಅವಳೂ ಮಾಡಿದಳು.

ಮನೆಯಲ್ಲಿ ಅವ್ವ ಪೇಡೆ ತಂದಿಟ್ಟಿದ್ದಳು. ಅಂಗನವಾಡಿಯಲ್ಲಿ ಇಪ್ಪತ್ತು ವರ್ಷ ಬೇರೆಯವರ ಮಕ್ಕಳಿಗೆ ಮೂಗು ಒರೆಸಿದ ಹೆಂಗಸು. ತನ್ನ ಮಗಳು ಡಾಕ್ಟರಾಗುವುದನ್ನು ಓಣಿಯ ಅರ್ಧ ಜನಕ್ಕೆ ಆಗಲೇ ಹೇಳಿ ಬಂದಿದ್ದಳು. "ಡಾಕ್ಟರ ವಿನುತಾ ಅಂತ ಬಾಗಲಕ್ಕ ಬೋರ್ಡ ಹಾಕಸೂಣು. ಅಕ್ಷರ ಮಾತ್ರ ದೊಡ್ಡೂ ಇರ್ಲಿ, ಆ ಎದರಮನಿ ಸರೋಜವ್ವಗ ಚಷ್ಮಾ ಇಲ್ಲದ ಕಾಣಬೇಕು."

"ಯವ್ವಾ, ಕೈ ಕೊಡಿಲ್ಲಿ."

ಅವ್ವ ಬಳೆ ಹಿಂದೆ ಸರಿಸಿ, ಬಹುಮಾನ ತೆಗೆದುಕೊಳ್ಳುವವಳ ಗತ್ತಿನಲ್ಲಿ ಕೈ ಚಾಚಿದಳು. ನಾಡಿ ಸಮನಾಗಿ, ಒಂದರ ಹಿಂದೊಂದು, ಬೇಸರವಿಲ್ಲದೆ ನಡೆಯುತ್ತಿತ್ತು. ತಾಳ ತಪ್ಪದ ನಾಡಿ ಹೇಗಿರುತ್ತದೆಂದು ಬೆರಳಿಗೆ ಈಗ ಗೊತ್ತಾಯಿತು. ಹಾಗಾದರೆ ಬೆಳಿಗ್ಗೆ ಬೆರಳು ಸುಳ್ಳು ಹೇಳಿರಲಿಲ್ಲ.

ಎರಡು ದಿನ ತಡೆದು ಶನಿವಾರ ಅವಳು ಹೃದಯ ಕೇಂದ್ರಕ್ಕೆ ಹೋದಳು. ತಣ್ಣಗಿನ ಉದ್ದನೆಯ ಕೋಣೆ. ಗೋಡೆಯ ತುಂಬ ಪರದೆಗಳು, ಅವುಗಳ ಮೇಲೆ ನಲವತ್ತು ಸಾವಿರ ಹಸಿರು ಚುಕ್ಕೆಗಳು. ಯಂತ್ರ ನೋಡಿಕೊಳ್ಳುವ ಇಮ್ತಿಯಾಜ್ ಅವಳಿಗೆ ಮೊದಲ ವರ್ಷದಿಂದ ಪರಿಚಯ. ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದ.

"ಇಮ್ತಿಯಾಜಣ್ಣ, ಫಕೀರವ್ವಂದು ತೋರಸು."

ಅವನು ಎಡಗೈಯಲ್ಲೇ ಗುಂಡಿ ಒತ್ತಿದ. ಹನ್ನೆರಡು ವರ್ಷದ ಗೆರೆ, ಗೋಡೆಗೆ ಸ್ಕೇಲು ಹಿಡಿದು ಎಳೆದ ಹಾಗೆ ನೇರ. "ನೋಡು. ಕೂದಲಷ್ಟೂ ಅಳ್ಳಾಡಿಲ್ಲ."

"ಜೀವ ಇದ್ದವ್ರ ಗೆರಿ ಹಿಂಗ ಇರತೈತೇನಣ್ಣ?"

"ಅಳತಿ ಕಲ್ಲನ್ನ ಯಾರರೆ ತೂಗ್ತಾರೇನು? ಆಕಿನ್ನ ಅಳಿಯೂದಿಲ್ಲವ್ವ ನಾವು, ಆಕಿಗಿ ಹಚ್ಚಿ ಉಳದವ್ರನ್ನ..." ಅವನು ತುತ್ತು ಕೈಯಲ್ಲೇ ಹಿಡಿದು ನಿಂತ. ಕೈ ತೊಳೆದು ಬಂದು ಬೇರೆ ಯಾವುದೋ ಪುಟ ತೆರೆದ. ವಾರವಾರವೂ ಯಂತ್ರ ತನ್ನ ಕಿವಿಯನ್ನು ಎಷ್ಟು ತಿದ್ದಿಕೊಂಡಿತು ಎಂಬ ಲೆಕ್ಕ ಅದು. ಯಾರೂ ಕೇಳದ ಕಾರಣ ಯಾರೂ ತೆರೆಯದ ಪುಟ. ಹನ್ನೊಂದು ವರ್ಷ ಮಟ್ಟಸವಾಗಿದ್ದ ಗೆರೆ ಒಂಬತ್ತು ತಿಂಗಳಿಂದ ಮೆಟ್ಟಿಲು ಹತ್ತಿದ ಹಾಗೆ ಏರುತ್ತಿತ್ತು. ಅವಳ ಹೃದಯ ಕೆಟ್ಟಷ್ಟೂ ಯಂತ್ರ ಅದನ್ನೇ ಸರಿಯೆಂದು ಒಪ್ಪಿಕೊಂಡು, ನಲವತ್ತು ಸಾವಿರ ಬಿಲ್ಲೆಗಳಿಗೆ ಹಾಗೆಯೇ ಕೇಳಲು ಕಲಿಸಿತ್ತು.

"ಹಸರಿನ್ಯಾಗ ಹೋದವ್ರು ಈ ವರ್ಷ ಜಾಸ್ತಿ," ಎಂದ ಇಮ್ತಿಯಾಜ್ ಮೆಲ್ಲಗೆ. ಚುಕ್ಕೆ ಹಸಿರಿರುವಾಗಲೇ ಸತ್ತವರನ್ನು ಅವರು ಹಾಗೆ ಕರೆಯುತ್ತಿದ್ದರು. "ಹೋದ ವರ್ಷ ಒಂಬತ್ತ ಮಂದಿ. ಈ ಒಂಬತ್ತ ತಿಂಗಳಾಗ ಅರವತ್ತೊಂದು. ಬ್ಯಾಸಗಿ ಜೋರ ಐತಿ ಅದಕ್ಕ ಅಂದಿದ್ರು ಸಾಹೇಬ್ರು. ನಾನೂ ಹೌದಂದೆ."

"ಈಗ ಹೇಳೂಣು."

"ಹೇಳಿದ್ರ ಮೊದಲ ಕೇಳೂದ ಮನುಷ್ಯಾರು ನೋಡಿದ ಕಾಗದ. ಅದ ಮೊನ್ನೆನ ಬಂದೈತಿ." ಪರದೆಯ ಮೇಲೆ ಅವಳ ಅಕ್ಷರ, ಅವಳ ಸಹಿ. "ಇದ ಇರೂತನಾ ಯಂತ್ರಾ ನನ್ನ ಮಾತ ಕೇಳೂದಿಲ್ಲ, ಮಂದೀನೂ ಕೇಳೂದಿಲ್ಲ. ಇದನ್ನ ತಗದ ಹಾಕಬೇಕಂದ್ರ ಬರದವ್ರ ಬರಕೊಡಬೇಕು, ನೋಡಿದ್ದೊಂದು ಬರದದ್ದೊಂದು ಅಂತ."

"ಪರೀಕ್ಷಾದಾಗ ಸುಳ್ಳ ಬರದ್ರ ಎರಡ ವರ್ಷ ಹೊರಗ ಹಾಕ್ತಾರಣ್ಣ."

"ಗೊತ್ತೈತಿ," ಎಂದ ಅವನು.

ಭಾನುವಾರ ಮಧ್ಯಾಹ್ನ ವಿನುತಾ ಗೌಳಿ ಗಲ್ಲಿಯಲ್ಲಿ ಫಕೀರವ್ವನ ಮನೆ ಹುಡುಕಿಕೊಂಡು ಹೋದಳು. ಒಂದು ಕೋಣೆ, ಮುಂದೆ ರೊಟ್ಟಿ ಬೇಯಿಸುವ ಒಲೆ. ತಂಗಿ ನೀಲವ್ವ ತಟ್ಟುತ್ತಿದ್ದಳು. ಫಕೀರವ್ವ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಹಿಟ್ಟು ನಾದುವುದನ್ನೂ ಬಿಟ್ಟು ಕೂತಿದ್ದಳು.

"ಮಲಗೂದ ಬಿಟ್ಟಾಳ್ರಿ," ಎಂದಳು ನೀಲವ್ವ. "ಮಲಕೊಂಡ್ರ ಉಸರ ಕಟ್ಟತೈತಂತ. ಗ್ವಾಡಿಗಿ ಕುಂತ ನಿದ್ದಿ ಮಾಡ್ತಾಳ. ಮೂರ ಸಲ ದವಾಖಾನಿಗಿ ಕರಕೊಂಡ ಹೋಗೀನಿ. ಹಸರ ಐತಿ, ಯಾಕ ಬಂದ್ರಿ ಅಂತ ಕಳಸ್ಯಾರ."

"ಸುಮ್ಕಿರ ನೀಲಿ. ಜಿಲ್ಲಾಕ ಜಿಲ್ಲಾನ ನನಗ ಹಚ್ಚಿ ನೋಡತೈತಿ. ನಾನ ಕೆಟ್ಟೇನಿ ಅಂದ್ರ?" ಫಕೀರವ್ವನ ದನಿಯಲ್ಲಿ ಸಿಟ್ಟಿತ್ತು, ಅದರ ಹಿಂದೆ ಇನ್ನೇನೋ ಇತ್ತು. ಗೋಡೆಯ ಮೇಲೆ ಕೇಂದ್ರದ ಉದ್ಘಾಟನೆಯ ದಿನದ ಪಟ. ಅದರಲ್ಲಿ ಹಾರ ಹಾಕಿಕೊಂಡು, ಮಂತ್ರಿಗಳ ಪಕ್ಕದಲ್ಲಿ, ಇವಳೊಬ್ಬಳೇ ಕ್ಯಾಮೆರಾ ನೋಡಿ ನಕ್ಕಿದ್ದಳು.

ವಿನುತಾ ನೀಲವ್ವನನ್ನು ಕರೆದು ಅಕ್ಕನ ಮಣಿಕಟ್ಟು ಹಿಡಿಸಿದಳು. "ಇಲ್ಲಿ ಬಡಿಯೂದು ಸಿಕ್ತನ್ರಿ? ಎಣಿಸ್ರಿ. ನಾ ಎದಿಗಿ ಹಚ್ಚಿ ಎಣಸ್ತೀನಿ. ಇಬ್ರೂ ಮನಸಿನ್ಯಾಗ."

ಒಲೆಯ ಮೇಲಿನ ರೊಟ್ಟಿ ಕರಕಾಯಿತು. ನಿಮಿಷ ಮುಗಿದಾಗ ನೀಲವ್ವ, "ಎಪ್ಪತ್ತೊಂಬತ್ತ್ರಿ. ತಪ್ಪೇನೇನ್ರಿ?" ಎಂದಳು.

"ತಪ್ಪಿಲ್ರಿ. ಇಲ್ಲೆ ನೂರಾ ಹದಿನೆಂಟು."

ಫಕೀರವ್ವ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಕೇಳಿದಳು: "ಉಳದದ್ದು ಎಲ್ಲಿ ಹೋಗ್ಯಾವ?"

"ಎದ್ಯಾಗ ಹುಟ್ಟತಾವ್ರಿ. ಕೈತನಾ ಬರಾಕ ಬಲ ಇಲ್ರಿ."

ಈಗ ಜಗಳವಿರಲಿಲ್ಲ. ವಿನುತಾ ಎಲ್ಲ ಹೇಳಿದಳು: ತಾನು ಬರೆದ ಸುಳ್ಳು, ಅದನ್ನು ಹಿಂದಕ್ಕೆ ತೆಗೆದುಕೊಂಡರೆ ಆಗುವುದು. ಫಕೀರವ್ವ ಕೇಳಿ ಮುಗಿಸಿ, "ಬ್ಯಾಡ ತಂಗಿ. ನೀ ಕಟ್ಟಿ ಮ್ಯಾಲ ಕುಂತ ಅಳೂದ ನಾ ನೋಡಲಾರೆ," ಎಂದಳು. "ನಾಳೆ ಸ್ವಾಮಾರ. ನಾಳೆ ಒಂದ ಹೋಗಿ ಬರ್ತೀನಿ, ಬಿಟ್ರ ಛಲೋ ಅಲ್ಲ. ಆಮ್ಯಾಲ ನಾನ ಸಾಹೇಬ್ರ ಮುಂದ ಹೇಳತೀನಿ, ನನಗ ಆಗವಲ್ದು ಅಂತ. ನಿನ್ನ ಹೆಸರ ಬರೂದಿಲ್ಲ."

ನಾಳೆ ಮಲಗಬೇಡಿ ಎಂದು ವಿನುತಾ ಹೇಳಬೇಕಿತ್ತು. ಹೇಳಲಿಲ್ಲ, ಅವಳಿಗೆ ಹಗುರಾಯಿತು. ಓಣಿ ದಾಟುವಾಗ ಆ ಹಗುರ ಎಲ್ಲಿಂದ ಬಂತೆಂದು ತಿಳಿದು ನಾಚಿಕೆಯಾಯಿತು. ಸಂಜೆ ಕೂತು ಪತ್ರ ಬರೆದಳು, ಹರಿದಳು, ಮತ್ತೆ ಬರೆದಳು. ಅವ್ವ ಪಕ್ಕದಲ್ಲಿ ಬಿಳಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. "ಏನ ಬರಿಯಾಕತ್ತಿ?" "ಅರ್ಜಿ." "ನೌಕರಿದೇನ?" ವಿನುತಾ ಹೂಂ ಅಂದಳು, ಇನ್ನೊಂದು ಸುಳ್ಳು.

ಬೆಳಿಗ್ಗೆ ಅವಳು ಕೇಂದ್ರ ಮುಟ್ಟಿದಾಗ ಒಂಬತ್ತು ಇಪ್ಪತ್ತು. ಒಳಗೆ ಎಲ್ಲ ಫೋನುಗಳೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಗೋಡೆಯ ತುಂಬ ಚುಕ್ಕೆಗಳು ಕೆಂಪಾಗಿದ್ದವು.

"ಕುಂತ ಮಾಡೂಣು ಅಂದೆವ್ವ ನಾನು," ಎಂದ ಇಮ್ತಿಯಾಜ್. "ಕೇಳಲಿಲ್ಲ. ಹನ್ನೆರಡ ವರ್ಷ ಮಲಕೊಂಡ ಕೊಟ್ಟೇನಿ, ಈಗ ಕುಂತ ಕೊಟ್ರ ಅಳತಿ ಸುಳ್ಳಾಗತೈತಿ ಅಂದ್ಲು. ಮೂರನೇ ನಿಮಿಷಕ್ಕ ಉಸರ ಎಳಿಯಾಕ ಹತ್ತಿದ್ಲು. ಎಬ್ಬಸೂದ್ರಾಗ..."

ಯಂತ್ರ ಮಾತ್ರ ನಿಂತಿರಲಿಲ್ಲ. ಐದು ನಿಮಿಷ ಎಂದರೆ ಅದಕ್ಕೆ ಐದು ನಿಮಿಷ. ಕೊನೆಯ ಒಂದೂವರೆ ನಿಮಿಷ ಅದು ಫಕೀರವ್ವನ ಎದೆಯ ಮೌನವನ್ನು ಕೇಳಿ, ಅದೇ ಸರಿಯೆಂದು ಜಿಲ್ಲೆಗೆಲ್ಲ ಕಲಿಸಿತು. ಆದ್ದರಿಂದ ಬಡಿಯುತ್ತಿದ್ದ ಹೃದಯಗಳೆಲ್ಲ ಕೆಂಪು. ಮಂಚದ ಮೇಲೆ, ಅಡ್ಡ ಹಾಕಿದ ಚಾದರದ ಅಂಚಿನಲ್ಲಿ, ಇಡೀ ಜಿಲ್ಲೆಗೆ ಒಂದೇ ಒಂದು ಬಿಲ್ಲೆ ಹಸಿರಾಗಿ ಉರಿಯುತ್ತಿತ್ತು. ಜೊತೆಗೆ ಬಂದಿದ್ದ ನೀಲವ್ವ ಅದರ ಮೇಲೆ ಕೈ ಮುಚ್ಚಿಕೊಂಡು ಕೂತಿದ್ದಳು.

ಡಾ. ಹೆಬ್ಬಳ್ಳಿ ಓಡಿಬಂದರು. ನೋಡಿದರು. "ಹೋದ ವಾರದ ಅಳತಿಗಿ ವಾಪಸ್ ಹೋಗೂಣು. ಲಗೂ."

"ಮನುಷ್ಯಾರ ಕಾಗದ ಕೇಳತೈತ್ರಿ ಸರ್."

"ಐತಲ್ಲ, ಈ ಹುಡುಗೀದು. ಹಚ್ಚು."

ವಿನುತಾ ಚೀಲದಿಂದ ಪತ್ರ ತೆಗೆದು ಅವರ ಮುಂದೆ ಹಿಡಿದಳು. ಅವರು ಎರಡು ಸಾಲು ಓದಿದರು, ಸುತ್ತ ನೋಡಿದರು, ದನಿ ಇಳಿಸಿದರು. "ಹುಚ್ಚವ್ವ, ಇದನ್ನ ಕೊಟ್ರ ಆಕಿ ಎದ್ದ ಬರ್ತಾಳನು?"

"ಇಲ್ರಿ ಸರ್."

"ಎರಡ ವರ್ಷ ಹೋಗ್ತಾವ ನಿನ್ನವು. ಮಂದಿ ಹೊರಗ ಗ್ವಾಡಿ ಹಾರಾಕತ್ಯಾರ. ಹಸರ ಮಾಡಿದ್ರ ಸಮಾಧಾನದಿಂದ ಮನಿಗಿ ಹೊಕ್ಕಾರ."

"ಹೊಕ್ಕಾರ್ರಿ. ಅದರಾಗ ಎಷ್ಟ ಮಂದಿ ಮನ್ಯಾಗ ಸಾಯತಾರ್ರಿ ಸರ್?"

ಅವರ ಉತ್ತರಕ್ಕೆ ಇಮ್ತಿಯಾಜ್ ಕಾಯಲಿಲ್ಲ. ಪತ್ರವನ್ನು ಅವಳ ಕೈಯಿಂದ ತೆಗೆದುಕೊಂಡು ಯಂತ್ರಕ್ಕೆ ತೋರಿಸಿದ. ಗೋಡೆಯ ಮೇಲೆ 'ಅಳತೆ ಇಲ್ಲ' ಎಂದು ಮೂಡಿತು. ಒಂದೊಂದೇ ಸಾಲು ಚುಕ್ಕೆಗಳು ಆರಿದವು. ಚಾದರದ ಅಂಚಿನದೂ ಆರಿತು.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಅಂಗಳ ಹಿಡಿಸಲಾರದಷ್ಟು ಜನ. ಟ್ರ್ಯಾಕ್ಟರಿನಲ್ಲಿ, ರಿಕ್ಷಾದಲ್ಲಿ, ಹೆಗಲ ಮೇಲೆ ಬಂದರು. ಕಪ್ಪಾದ ಬಿಲ್ಲೆಯನ್ನು ಕಿತ್ತು ಅಂಗೈಯಲ್ಲಿ ಹಿಡಿದು ಬಂದರು. ಆಸ್ಪತ್ರೆಯ ಡಾಕ್ಟರರನ್ನೆಲ್ಲ ಮೇಜು ಹಾಕಿ ಕೂರಿಸಿದರು. ಹನ್ನೆರಡು ವರ್ಷದಲ್ಲಿ ಪಾಸಾದವರೆಲ್ಲ ಅಲ್ಲಿದ್ದರು. ಉಗ್ರಾಣದಿಂದ ಧೂಳು ಒರೆಸಿ ತಂದ ಸ್ಟೆತಸ್ಕೋಪುಗಳನ್ನು ಕಿವಿಗೆ ಹಾಕಿಕೊಂಡು, ರೋಗಿಯ ಎದೆಯ ಮೇಲಿಟ್ಟು, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ವಿನುತಾಳಿಗೆ ಅಲ್ಲಿ ಕೂರುವ ಹಕ್ಕಿರಲಿಲ್ಲ. ಬಾಗಿಲ ಬಳಿ ಜನರನ್ನು ಸಾಲು ಮಾಡುತ್ತಿದ್ದಳು. ಡಾ. ಹೆಬ್ಬಳ್ಳಿ ಕೈಸನ್ನೆ ಮಾಡಿ ಕರೆದರು. ಅವರ ಮುಂದೆ ಅಂಗಿ ಬಿಚ್ಚಿ ಕೂತ ಒಬ್ಬ ಮುದುಕ. ಡಾಕ್ಟರರ ಹಣೆಯಿಂದ ಬೆವರು ಇಳಿಯುತ್ತಿತ್ತು.

"ನನಗ ತಿಳಿವಲ್ದು," ಎಂದರು ಅವರು, ಅವಳಿಗೆ ಮಾತ್ರ ಕೇಳುವಂತೆ. "ಏನೋ ಕೇಳಸತೈತಿ. ಅದೇನಂತ ತಿಳಿವಲ್ದು. ನೀ ನೋಡು."

"ಲಗೂ ಹೇಳ್ರಿ ಬಾಯಾರ," ಎಂದ ಮುದುಕ. "ಅದೀನೋ ಇಲ್ಲೋ ಅಂತ ಒಂದ ಖಾತ್ರಿ ಆಗ್ಲಿ, ಎಮ್ಮಿ ಹಿಂಡೂ ಹೊತ್ತಾತು."

ವಿನುತಾ ಸ್ಟೆತಸ್ಕೋಪು ತೆಗೆದುಕೊಂಡು ಎದೆಯ ಮೇಲಿಟ್ಟಳು. ಸದ್ದಿತ್ತು. ಮೊದಲನೆಯದು, ಎರಡನೆಯದು, ಅವೆರಡರ ನಡುವೆ ಇನ್ನೊಂದು ಏನೋ ಉಜ್ಜಿದ ಹಾಗೆ. ಅದು ರೋಗವೋ, ಬರೀ ವಯಸ್ಸೋ? ಹೇಳಿಕೊಡುವವರು ಯಾರೂ ಇರಲಿಲ್ಲ. ಸಾಲು ಅಂಗಳ ದಾಟಿ ಗೇಟಿನ ಆಚೆ ರಸ್ತೆಗೆ ಇಳಿದಿತ್ತು. ಅವಳು ಹುಟ್ಟಿದ ಮೇಲೆ ಕೇಳಿದ ರೋಗದ ಹೃದಯ ಒಂದೇ ಒಂದು. ಬೇರೆ ದಾರಿ ಕಾಣದೆ, ಕಣ್ಣು ಮುಚ್ಚಿ, ಮುದುಕನ ಎದೆಯನ್ನು ಅವಳು ಅದಕ್ಕೇ ಹಚ್ಚಿ ನೋಡತೊಡಗಿದಳು.